ಖಣದ ಮರೆಯಲ್ಲಿ ಮೂರನೆಯ ಒಲೆ

ಅಗಸಿಮಡ್ಡಿ
ನಡು ಶ್ರಾವಣದ ನಲವತ್ತೊಂದನೆಯ ದಿನ, ಇಸವಿ 2261

ಹಿರಿಯರಾದ ನಿಮಗೆ ಫಕೀರವ್ವನ ಶರಣು.

ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಶ್ರಾವಣ ಮುಗಿಯುವುದನ್ನೇ ಮರೆತಿದೆ. ಹಾಗಾಗಿ ಅದನ್ನು ಹಿರಿ, ನಡು, ಕಿರಿ ಎಂದು ಮೂರಾಗಿ ಸೀಳಿದ್ದಾರೆ. ನಡುವಿನದನ್ನು ಮಳೆ ಬಿಡುವವರೆಗೂ ಎಣಿಸುತ್ತಲೇ ಇರಬೇಕು. ನನ್ನ ಮಾತುಗಳು ನಿಮಗೆ ವಿಚಿತ್ರ ಅನ್ನಿಸಿದರೆ ಮನ್ನಿಸಿ, ಅನ್ನಿಸದಿದ್ದರೆ ಇನ್ನೂ ಒಳ್ಳೆಯದು. ನಾನು ಕಲಿತದ್ದು ಮೂರನೆಯ ಇಯತ್ತೆ. ನಾಲ್ಕನೆಯದಕ್ಕೆ ಹೋಗುವಷ್ಟರಲ್ಲಿ ಮಾಸ್ತರರು ಬೇರೆ ಊರಿಗೆ ಹಾರಿದರು, ಹೊಳ್ಳಿ ಬರಲಿಲ್ಲ. ನೀವು ನನಗಿಂತ ಇನ್ನೂರು ಚಿಲ್ಲರೆ ವರ್ಷ ಹಿಂದಿನವರು, ಆದರೆ ಇದನ್ನು ಓದುವಾಗ ನನ್ನ ಮೊಮ್ಮಕ್ಕಳ ವಯಸ್ಸಿನವರು. ನಿಮ್ಮ ಕಾಲಿಗೆ ಬೀಳಬೇಕೋ ಕಿವಿ ಹಿಂಡಬೇಕೋ ತಿಳಿಯದೆ ಎರಡನ್ನೂ ಮನಸ್ಸಿನಲ್ಲೇ ಮಾಡಿ ಮುಂದುವರಿಯುತ್ತೇನೆ. ಕಾಗದ ಹಿಂದಕ್ಕೆ ಹೋಗುವುದಿಲ್ಲ ಎಂದು ನನಗೂ ಗೊತ್ತು. ಆದರೆ ನಮ್ಮ ವಿಮಾನದಲ್ಲಿರುವ ಒಂದು ಹಲಗೆಯ ನೆನಪಿನೊಳಗೆ ನಿಮ್ಮ ಕಾಲದ ಮೊದಲ ದಿನದಿಂದ ಇವತ್ತಿನವರೆಗಿನ ಇಂಜಿನ್ನಿನ ಬಿಸಿಯ ಲೆಕ್ಕವೆಲ್ಲ ಸಾಲಾಗಿ ಕೂತಿದೆಯಂತೆ. ಅದರ ತಳದಲ್ಲಿ, ನಿಮ್ಮ ಪಕ್ಕದಲ್ಲೇ, ಈ ಕಾಗದವನ್ನೂ ಸುರಿದುಬಿಡು ಎಂದು ಮೊಮ್ಮಗಳಿಗೆ ಹೇಳುತ್ತೇನೆ. ಅವಳು ಬಂದರೆ.

ಅವಳ ಹೆಸರು ತುಂಗವ್ವ, ಮನೆಯಲ್ಲಿ ತುಂಗಿ. ಈ ಮುಂಜಾನೆ ದಾವಲಬಿ ಎಂಬ ಬಾಣಂತಿಯನ್ನೂ ಅವಳ ಕೂಸನ್ನೂ ಕೂರಿಸಿಕೊಂಡು ಉಪ್ಪಿನಮಡ್ಡಿಗೆ, ದಾವಲಬಿಯ ಗಂಡನ ಮನೆಗೆ ಹಾರಿದಳು. ಅರ್ಧ ದಾರಿಯಲ್ಲಿ ಇಂಜಿನ್ನು ಸುಡತೊಡಗಿದ್ದು ಗೊತ್ತಾಗಿ, ಕರಿಕಲ್ಲಮಡ್ಡಿಯಲ್ಲಿ ಇಳಿಯುತ್ತೇನೆ ಎಂದಳು. ಆಮೇಲೆ ದನಿಯಿಲ್ಲ. ಕರಿಕಲ್ಲಮಡ್ಡಿ ಗುಡ್ಡದ ಮರೆಯಲ್ಲಿದೆ, ಅಲ್ಲಿಯ ಸುದ್ದಿಗಂಬ ಹೋದ ಗಾಳಿಗೆ ಮುರಿದಿದೆ. ಇಳಿದವರು ಸುದ್ದಿ ಹೇಳಬೇಕಾದರೆ ಯಾರಾದರೂ ಸಣ್ಣ ಕೂಗುಪೆಟ್ಟಿಗೆ, ನಿಮ್ಮ ಬಾಯಲ್ಲಿ ರೇಡಿಯೊ, ಕೈಯಲ್ಲಿ ಹಿಡಿದು ಗುಡ್ಡ ಹತ್ತಬೇಕು. ಆದ್ದರಿಂದ ಈ ಮೌನಕ್ಕೆ ಒಳ್ಳೆಯ ಅರ್ಥವೂ ಇರಬಹುದು, ಕೆಟ್ಟದ್ದೂ ಇರಬಹುದು. ನಾನೇ ಕರೆದು ಕೇಳೋಣವೆಂದರೆ, ಕರೆಯಬೇಡ ಎಂದು ಕಟ್ಟಪ್ಪಣೆ ಮಾಡಿದ್ದಾಳೆ. ಕೈ ಸುಮ್ಮನಿದ್ದರೆ ಕೂಗುಪೆಟ್ಟಿಗೆಯ ಗುಂಡಿಯ ಕಡೆಗೇ ಹೋಗುತ್ತದೆ. ಅದಕ್ಕೆ ಅದರ ಬೆರಳುಗಳ ನಡುವೆ ಪೆನ್ನು ಸಿಕ್ಕಿಸಿ ನಿಮ್ಮ ಹತ್ತಿರ ಕಳಿಸಿದ್ದೇನೆ.

ಮಡ್ಡಿ ಎಂದರೇನೆಂದು ನಿಮಗೂ ಗೊತ್ತಿರಬೇಕು. ಎರೆಹೊಲದ ಕಪ್ಪು ಮಣ್ಣಿನ ನಡುವೆ ಎದ್ದು ನಿಂತ ಕಲ್ಲುಗರಸಿನ ದಿಬ್ಬ. ನೀವು ಅಲ್ಲಿ ಕುರಿ ಮೇಯಿಸಿ, ಮನೆಗಳನ್ನು ತಗ್ಗಿನಲ್ಲಿ ಕಟ್ಟಿಕೊಂಡಿರಿ. ಈಗ ತಗ್ಗಿನ ಎರೆ ಮಳೆ ಕುಡಿದು ಕುಡಿದು ಅಂಬಲಿಯಂತಾಗಿದೆ. ನಿಮ್ಮ ಅಗಲವಾದ ಡಾಂಬರು ರಸ್ತೆಗಳನ್ನು ಅದು ನುಂಗಿ ಎಷ್ಟೋ ಕಾಲವಾಯಿತು. ಅದರ ಮೇಲೆ ಕಾಲಿಟ್ಟರೆ ಮೊಣಕಾಲಿಗೆ ಬರುತ್ತದೆ, ಎತ್ತಿದರೆ ಕಾಲು ಬರುತ್ತದೆ, ಮೆಟ್ಟು ಬರುವುದಿಲ್ಲ. ಹಾಗಾಗಿ ಊರುಗಳೆಲ್ಲ ಮಡ್ಡಿ ಹತ್ತಿವೆ. ಒಂದು ಮಡ್ಡಿಯಿಂದ ಇನ್ನೊಂದಕ್ಕೆ ಹಾರಿಯೇ ಹೋಗಬೇಕು. ನಾಲ್ಕು ಜನ ಕೂರುವ ಸಣ್ಣ ವಿಮಾನ, ಮಿಡತೆಯ ಹಾಗೆ ಅಲ್ಲಿ ಕೂತು ಇಲ್ಲಿ ಹಾರುವುದರಿಂದ ನಾವು ಅದನ್ನು ಮಿಡಚಿ ಅನ್ನುತ್ತೇವೆ. ಉಪ್ಪು, ಬೀಜ, ಬೀಗರು, ಜಗಳ ಎಲ್ಲ ಅದರಲ್ಲೇ ಬರುತ್ತವೆ. ಅದು ಓಡುವುದು ಸಿಹಿಜೋಳದ ದಂಟಿನಿಂದ ಭಟ್ಟಿಯಿಳಿಸಿದ ಸಾರಾಯಿಯ ಮೇಲೆ. ನನ್ನ ಗಂಡ ಬದುಕಿರುವವರೆಗೆ ಅವನೂ ಅದರ ಮೇಲೇ ಓಡಿದ. ಮಿಡಚಿಯಾದರೂ ಎಲ್ಲಿಗೋ ಹೋಗಿ ಮುಟ್ಟುತ್ತಿತ್ತು.

ನನ್ನ ಕೆಲಸ ಕಿವಿಗಾವಲು. ಮಂಡಿ ಹೋದ, ನಿದ್ದೆ ಹೋದ ಮುದುಕಿಯರನ್ನು ಹಾರುಬಯಲಿನ ಪಕ್ಕದ ಗುಡಿಸಲಿನಲ್ಲಿ ಕೂಗುಪೆಟ್ಟಿಗೆಯ ಮುಂದೆ ಕೂರಿಸುತ್ತಾರೆ. ಯಾರು ಎಲ್ಲಿ ಎದ್ದರು, ಎಲ್ಲಿ ಇಳಿದರು ಎಂದು ಕೇಳಿಸಿಕೊಂಡು ಬೇಕಾದವರಿಗೆ ಹೇಳುವುದಷ್ಟೇ. ಬೇಡವಾದವರಿಗೂ ಹೇಳುತ್ತೇನೆಂದು ನನ್ನ ಮೇಲೆ ದೂರಿದೆ.

ಇನ್ನು ಆ ಹಲಗೆಯ ವಿಷಯ. ಅದು ನಿಮ್ಮದೇ ಕಾಲದ್ದು, ರಿಪೇರಿಯಾಗಿ ರಿಪೇರಿಯಾಗಿ ಗಾಜು ಬೇರೆ, ತಂತಿ ಬೇರೆ, ಡಬ್ಬಿ ಬೇರೆ ಆಗಿದೆ. ಒಳಗಿನ ನೆನಪು, ತಂತಿ ಕಟ್ಟುವ ಮೊಳೆ, ಇವೆರಡು ಮಾತ್ರ ಹಳೆಯವು. ಇಂಜಿನ್ನಿನ ನಾಡಿ ಹಿಡಿದು ಹೇಳುವುದರಿಂದ ನಾಡಿಹಲಗೆ ಅನ್ನುತ್ತೇವೆ. ನೀವು ಸಿಲಿಂಡರ್ ಅನ್ನುವುದು ನಮ್ಮ ಬಾಯಲ್ಲಿ ಒಲೆ. ನಮ್ಮ ಮಿಡಚಿಗೆ ನಾಲ್ಕು ಒಲೆ. ಒಂದೊಂದರ ತಲೆಗೂ ಒಂದೊಂದು ಬಿಸಿಕಡ್ಡಿ ಚುಚ್ಚಿರುತ್ತಾರೆ, ಕಡ್ಡಿಯಿಂದ ತಂತಿ ಹಲಗೆಗೆ ಬರುತ್ತದೆ, ಹಲಗೆಯ ಮೇಲೆ ಒಂದೊಂದು ಒಲೆಗೆ ಒಂದೊಂದು ಸಾಲು ಏರುತ್ತ ಇಳಿಯುತ್ತ ಇರುತ್ತದೆ. ಮಿತಿ ಮೀರಿದರೆ ಸಾಲು ಕೆಂಪಾಗಿ, ಪಿಯ್ ಪಿಯ್ ಎಂದು ಕೂಗುತ್ತದೆ. ಕೇಳಲಿಕ್ಕೆ ಸುಲಭ. ಕಷ್ಟ ಇರುವುದು, ಹಲಗೆ ಬಿಸಿ ಎಂದಾಗ ನಿಜವಾಗಿ ಒಲೆಯೇ ಸುಡುತ್ತಿದೆಯೋ, ಕಡ್ಡಿ ಸುಳ್ಳು ಹೇಳುತ್ತಿದೆಯೋ ತಿಳಿಯುವುದರಲ್ಲಿ. ಮಳೆಯ ಊರಿನಲ್ಲಿ ಕಡ್ಡಿಯ ಬುಡಕ್ಕೆ ತುಕ್ಕು ಹಿಡಿಯುವುದು ದಿನದ ಮಾತು. ಒಂದು ಕೂಗನ್ನು ನಿಜವೆಂದು ಹೆದರಿ ಹಾರಾಟ ನಿಲ್ಲಿಸಿದರೆ ಆಚೆ ಮಡ್ಡಿಯಲ್ಲಿ ಉಪ್ಪಿಲ್ಲ. ಸುಳ್ಳೆಂದು ತಳ್ಳಿಹಾಕಿ ಹಾರಿದರೆ ಕೆಳಗೆ ಎರೆ ಬಾಯಿ ತೆರೆದುಕೊಂಡಿದೆ.

ಇದಕ್ಕೆ ನಮ್ಮ ಮೌನೇಶ ಮಾಡುವುದು ಹೀಗೆ. ಅವನು ಇಲ್ಲಿಯ ಕಮ್ಮಾರ, ಇಂಜಿನ್ನು ಬಿಚ್ಚಿ ಕಟ್ಟುವವನು. ಹೋದ ವಾರದಿಂದ ಮೂರನೆಯ ಸಾಲು ಏರಿ ಏರಿ ಕೂಗುತ್ತಿತ್ತು. ನಿನ್ನೆ ಸಂಜೆ ಅವನು ಮೂರನೆಯ ಒಲೆಯ ಕಡ್ಡಿ ಕಿತ್ತು ಎರಡನೆಯದಕ್ಕೆ ಚುಚ್ಚಿದ, ಎರಡನೆಯದರದನ್ನು ಮೂರನೆಯದಕ್ಕೆ. ತಂತಿಗಳನ್ನು ಮುಟ್ಟಲಿಲ್ಲ. ಈಗ ಹಾರಿದಾಗ ಮೂರನೆಯ ಸಾಲೇ ಮತ್ತೆ ಕೂಗಿದರೆ ಕಡ್ಡಿ ಸುಳ್ಳುಬುರುಕ, ಎಲ್ಲಿಟ್ಟರೂ ಅದೇ ಹಾಡು ಹಾಡುತ್ತದೆ. ಕೂಗು ಎರಡನೆಯ ಸಾಲಿಗೆ ಬಂದರೆ ಕಡ್ಡಿಗಳೆರಡೂ ಸಾಚಾ, ಸುಡುತ್ತಿರುವುದು ಮೂರನೆಯ ಒಲೆಯೇ. ಹೀಗೆ ಅದಲುಬದಲು ಮಾಡಿದ ಕಡ್ಡಿಗಳಿಗೆ ಮೌನೇಶನ ಮನೆತನದವರು ಕೆಂಪು ದಾರ ಕಟ್ಟುತ್ತಾರೆ. ದಾರ ಇರುವವರೆಗೆ ಒಬ್ಬರೇ ಒಂದು ಸುತ್ತು ಹಾರಿ ನೋಡಬೇಕು, ಮಂದಿಯನ್ನು ಕೂರಿಸಬಾರದು. ಬಾಯಿಮಾತಿನಲ್ಲಿ ಹೇಳುವ ರೂಢಿ ಅವರಲ್ಲಿಲ್ಲ. ಬಾಯಿಮಾತು ಮರೆಯುತ್ತದೆ, ದಾರ ಕಣ್ಣಿಗೆ ಬೀಳುತ್ತದೆ ಎನ್ನುವುದು ಅವರ ವಾದ. ಮೌನೇಶ ದಾರ ಕಟ್ಟಿ, ಮುಂಜಾನೆ ಎದ್ದು ಸಾರಾಯಿ ಸೋಸುವ ಬಟ್ಟೆ ತರಲು ಭಟ್ಟಿಗೆ ಹೋದ.

ಅಷ್ಟರಲ್ಲಿ ಮೋಡ ಒಡೆದು ಆಕಾಶ ತೆರೆಯಿತು. ಮೋಡ ಒಡೆದರೆ ನಮ್ಮ ಮಡ್ಡಿಯ ಹೆಂಗಸರಿಗೆ ಮೈಮೇಲೆ ಬಂದಹಾಗೆ. ಬಾಣಂತಿಯನ್ನು ಕಳಿಸುವ ಹಾರಾಟಕ್ಕೆ ತೊಟ್ಟಿಲ ಹಾರಾಟ ಎನ್ನುತ್ತೇವೆ. ಅದಕ್ಕೊಂದು ಪದ್ಧತಿಯಿದೆ. ಇಂಜಿನ್ನಿನ ಮುಚ್ಚಳ ತೆಗೆದು ನಾಲ್ಕೂ ಒಲೆಗಳಿಗೆ ಅರಿಷಿಣದ ದಾರ ಕಟ್ಟಬೇಕು. ಕೂಸಿನ ಮುಖದ ಮೇಲೆ ಕೆಂಪು ಬೆಳಕು ಬೀಳಬಾರದು, ಅದರ ಕಿವಿಗೆ ಅಪಾಯದ ಕೂಗು ಹೋಗಬಾರದು ಎಂದು ನಾಡಿಹಲಗೆಯ ಕೂಗು ಅಡಗಿಸಿ, ಅದರ ಮೇಲೆ ಖಣದ ಬಟ್ಟೆ ಇಳಿಬಿಡಬೇಕು. ದಾರ ಕಟ್ಟಿ ಮುಗಿಯುವವರೆಗೆ ಹಾರಿಸುವವರು ಮುಖ ತಿರುಗಿಸಿ ದೂರ ನಿಲ್ಲಬೇಕು. ಈ ಪದ್ಧತಿಯ ಯಜಮಾನಿ ನನ್ನ ನೆಗೆಣ್ಣಿ ಬಸಲಿಂಗವ್ವ. ಎರಡನೆಯ, ಮೂರನೆಯ ಒಲೆಯ ಕಡ್ಡಿಗಳಿಗೆ ಎಣ್ಣೆ ಕುಡಿದ ಕೊಳಕು ದಾರ ಸುತ್ತಿರುವುದು ಅವಳ ಕಣ್ಣಿಗೆ ಬಿತ್ತು. ಬಾಣಂತಿ ಕೂರುವ ಗಾಡಿಗೆ ಮಸಿದಾರವೇ ಎಂದು ಕತ್ತರಿಯಿಂದ ಕತ್ತರಿಸಿ ತಟ್ಟೆಗೆ ಹಾಕಿ, ಹೊಸ ಹಳದಿ ದಾರ ಕಟ್ಟಿದಳು. ತುಂಗಿ ಬಂದು ನೋಡಿದಾಗ ನಾಲ್ಕೂ ಒಲೆ ಹಳದಿ, ಕೆಂಪು ಎಲ್ಲೂ ಇಲ್ಲ. ಮೌನೇಶ ಕಡ್ಡಿ ಇನ್ನೂ ಮುಟ್ಟಿಲ್ಲ, ಸಾಲು ಮೊದಲಿನಂತೆಯೇ ತುಕ್ಕಿಗೆ ಕೂಗುತ್ತಿದೆ ಎಂದುಕೊಂಡಳು. ಬಸಲಿಂಗವ್ವನ ಮೇಲೆ ನನಗೆ ಸಿಟ್ಟಿಲ್ಲ. ಇಷ್ಟು ಬರೆದ ಮೇಲೂ ಇಲ್ಲವೆಂದರೆ ನಿಜವಾಗಿಯೂ ಇಲ್ಲ ಎಂದು ತಿಳಿಯಿರಿ.

ಮಿಡಚಿ ಎದ್ದು ಕಣ್ಣಿಗೆ ಸಣ್ಣದಾದ ಮೇಲೆ ಮೌನೇಶ ಭಟ್ಟಿಯಿಂದ ಬಂದ. ನನ್ನ ಗುಡಿಸಲಿನ ಮುಂದೆ ಹೆಂಗಸರು ಇಟ್ಟುಹೋದ ಅರಿಷಿಣದ ತಟ್ಟೆಯಿತ್ತು. ಅದರಲ್ಲಿದ್ದ ತುಂಡು ದಾರಗಳನ್ನು ಎತ್ತಿ ಹಿಡಿದವನ ಮುಖ ನಾನು ನೋಡಿದೆ. ಅವನಿಗೆ ಮೊದಲೇ ಮಾತು ಕಡಿಮೆ. ಕೈಯಿಂದ ಕೂಗುಪೆಟ್ಟಿಗೆ ತೋರಿಸಿದ. ನಾನು ತುಂಗಿಯನ್ನು ಕರೆದೆ. ಗಾಬರಿಯಲ್ಲಿ ಕಡ್ಡಿಯ ಮಾತು ಬಿಟ್ಟು, ಖಣ ತೆಗೆದು ಹಲಗೆ ನೋಡು ಎಂದಷ್ಟೇ ಹೇಳಿದೆ. ಅವಳು ಒಪ್ಪಲಿಲ್ಲ. ಹಿಂದೆ ಬಾಣಂತಿ ಕೂತಿದ್ದಾಳೆ, ಪದ್ಧತಿ ಮುರಿದರೆ ನಾಳೆ ಕೂಸಿಗೆ ನೆಗಡಿಯಾದರೂ ನನ್ನ ತಲೆಗೇ ಕಟ್ಟುತ್ತಾರೆ, ಬಸಲಿಂಗಜ್ಜಿ ನನ್ನನ್ನು ಬಿಡುವುದುಂಟೇ ಎಂದಳು. ಅಷ್ಟರಲ್ಲಿ ಪೆಟ್ಟಿಗೆಯಲ್ಲಿ ದಾವಲಬಿಯ ದನಿ ಬಂತು, ಬಾಣಂತಿಯ ದನಿ, ಸಣ್ಣಗೆ.

"ಸರಿ ಆ ಕಡೆ. ನನ್ನ ಕೂಸು, ನಾ ತೆಗೀತೀನಿ."

ಬಟ್ಟೆ ಎಳೆದ ಸದ್ದು ಪೆಟ್ಟಿಗೆಯಲ್ಲಿ ಕೇಳಲಿಕ್ಕಿಲ್ಲ, ನನಗೆ ಮಾತ್ರ ಕೇಳಿತು.

ಆಮೇಲೆ ತುಂಗಿ ಹಲಗೆ ಓದಿದಳು. ನಾಲ್ಕೂ ಸಾಲು ಮೇಲೆ ಜಿಗಿಯುತ್ತಿವೆ, ಒಂದೂ ನಿಲ್ಲುತ್ತಿಲ್ಲ ಎಂದಳು. ಮೌನೇಶನ ಬಾಯಿ ಅಲ್ಲಿಗೆ ಬಿಚ್ಚಿತು. ಈ ಮಿಡಚಿಗೆ ಇನ್ನೊಂದು ರೋಗವಿದೆ, ಅದು ಇಬ್ಬರಿಗೂ ಗೊತ್ತಿದ್ದದ್ದೇ. ಕೂಗುಪೆಟ್ಟಿಗೆಯ ತಂತಿಯೂ ಹಲಗೆಯ ತಂತಿಯೂ ಒಂದೇ ಸಡಿಲ ಮೊಳೆಗೆ ಬಂದು ಸೇರಿವೆ. ಮೇಲಿನವರು ಮಾತಾಡಲು ಗುಂಡಿ ಒತ್ತಿದರೆ ಸಾಕು, ಹಲಗೆ ಹುಚ್ಚೇಳುತ್ತದೆ. ಗಾಬರಿಯಲ್ಲಿ ಅವಳು ಗುಂಡಿ ಒತ್ತಿಕೊಂಡೇ ಓದಿದ್ದಳು.

"ಬೆರಳ ತಗೀ ತುಂಗಿ. ಮೊದಲ ನೋಡು, ಆಮ್ಯಾಲ ಹೇಳು," ಎಂದ ಮೌನೇಶ.

ಪೆಟ್ಟಿಗೆ ಸುಮ್ಮನಾಯಿತು. ಅಷ್ಟರಲ್ಲಿ ಬಸಲಿಂಗವ್ವ ಬಾಗಿಲಿಗೆ ಬಂದು ನಿಂತಿದ್ದಳು. ಏನಾಯಿತೆಂದು ಕೇಳಿದಳು. ನಾನು ತಟ್ಟೆಯ ಕಡೆ ನೋಡಿದೆ. ಅವಳೂ ನೋಡಿದಳು. ಹೊಸ್ತಿಲ ಮೇಲೆ ಕೂತುಬಿಟ್ಟಳು.

"ಆಯಿ, ಈಗ ಸುಮ್ಮನ ನಿಂತಾವ," ಎಂದಳು ತುಂಗಿ. "ಎರಡನೇ ಸಾಲು ಕೆಂಪಗ ಐತಿ. ಮೂರನೇದು ನೆಟ್ಟಗಾಗೇತಿ. ಸುಳ್ಳು ಮೂರರಾಗಿಂದ ಎರಡಕ್ಕ ಸರದೈತಿ ನೋಡು, ತಂತೀದ ಖೋಡಿ. ನಾ ಉಪ್ಪಿನಮಡ್ಡಿಗೇ ಹೋಗ್ತೀನಿ."

ಕಡ್ಡಿ ಅದಲುಬದಲಾದದ್ದು ಗೊತ್ತಿಲ್ಲದವರು ಹಾಗೆಯೇ ತಿಳಿಯಬೇಕು. ಕರಿಕಲ್ಲಮಡ್ಡಿ ದಾಟಿದರೆ ಉಪ್ಪಿನಮಡ್ಡಿಯವರೆಗೂ ಬರೀ ಎರೆ, ಇಳಿಯಲು ಅಂಗೈಯಗಲ ಜಾಗವಿಲ್ಲ. ಇಳಿದರೆ ಗಾಲಿ ಹೂತು ಮಿಡಚಿ ಮಗುಚುತ್ತದೆ. ನಾನು ಹೇಳಬೇಕೆಂದುಕೊಂಡ ಮಾತು ಬಹಳ ಉದ್ದವಿತ್ತು. ಮೌನೇಶ ನನ್ನ ಕೈಯಿಂದ ಪೆಟ್ಟಿಗೆಯ ಬಾಯಿ ಕಸಿದುಕೊಂಡ. ಹುಡುಗ ಬದುಕಿನಲ್ಲಿ ಮೊದಲ ಸಲ ನನ್ನ ಮಾತು ತುಂಡು ಮಾಡಿದ್ದು.

"ನಿನ್ನಿ ಸಂಜಿಮುಂದ ಕಡ್ಡಿ ನಾ ಬದಲ ಮಾಡೀನಿ. ದಾರ ಪೂಜಾದಾಗ ಹೋಗೇತಿ. ಎರಡನೇ ಸಾಲಂದ್ರ ಮೂರನೇ ಒಲಿ. ಅದು ಖರೇನ ಸುಡಾಕತ್ತೈತಿ."

ತುಂಗಿ ಕೂಗಲಿಲ್ಲ, ಯಾರು ದಾರ ತೆಗೆದರೆಂದು ಕೇಳಲಿಲ್ಲ. ಸಾರಾಯಿ ಹೆಚ್ಚು ಬಿಟ್ಟು ಇಂಜಿನ್ನಿನ ಜೋರು ಇಳಿಸಿದ್ದೇನೆ, ಕರಿಕಲ್ಲಮಡ್ಡಿಗೆ ತಿರುಗಿದ್ದೇನೆ ಎಂದಳು. ಇಲ್ಲಿ ನಿಮಗೊಂದು ಮಾತು ಹೇಳಬೇಕು, ಏಕೆಂದರೆ ಅಡುಗೆಯ ಒಲೆ ಉರಿಸಿ ಗೊತ್ತಿದ್ದ ನನಗೆ ಇದು ತಲೆಕೆಳಗಾಗಿ ಕಂಡಿತ್ತು. ಸುಡುವ ಒಲೆಗೆ ಇನ್ನಷ್ಟು ಸಾರಾಯಿ ಏಕೆ ಎಂದು ಮೌನೇಶನ ಮೇಲೆ ಹಾರಿದೆ. ಒಲೆಗೆ ಸಾರಾಯಿ ಚಿಮ್ಮುವ ತೂತು ಜೋಳದ ಅಂಟಿಗೆ ಕಟ್ಟಿಕೊಂಡು, ಗಾಳಿ ಹೆಚ್ಚಾಗಿ ಸಾರಾಯಿ ಕಡಿಮೆಯಾದಾಗಲೇ ಅದು ಹೀಗೆ ಸುಡುವುದಂತೆ. ಹೆಚ್ಚು ಬಿಟ್ಟರೆ ತಣಿಯುತ್ತದಂತೆ. ಇರಲಿ, ಅವನಿಗೆ ಗೊತ್ತು. ನನಗೆ ಬೇಕಾದದ್ದು ನನ್ನ ಹುಡುಗಿ.

ಕೊನೆಗೆ ತುಂಗಿ ನನಗೆಂದೇ ಹೇಳಿದಳು. "ಆಯಿ, ಇಳಿಯೂತನಕ ಕರೀಬ್ಯಾಡ. ನೀ ಕರದ್ರ ನಾ ಓ ಅನಬೇಕು, ಓ ಅಂದ್ರ ಹಲಗಿ ಸುಳ್ಳ ಹೇಳತೈತಿ. ನನಗ ಈಗ ಅದರ ಮಾರಿ ನೋಡೂದು ಐತಿ."

ಅದಾದ ಮೇಲೆ ಈ ಕಾಗದ. ಈ ಸಾಲು ಬರೆಯುವಾಗಲೂ ಪೆಟ್ಟಿಗೆ ಬರೀ ಗಾಳಿ ಊದುತ್ತಿದೆ. ಮೌನೇಶ ಹೊರಗೆ ನಿಂತು ಆಕಾಶ ನೋಡುತ್ತಾನೆ, ಒಳಗೆ ಬಂದು ಪೆಟ್ಟಿಗೆ ನೋಡುತ್ತಾನೆ, ಮತ್ತೆ ಹೊರಗೆ. ಗುಡಿಸಲಿನ ನೆಲ ಸವೆಯುತ್ತದೆ ನಿಲ್ಲೋ ಎಂದರೆ ನಿಲ್ಲುವುದಿಲ್ಲ. ಬಸಲಿಂಗವ್ವ ಹೊಸ್ತಿಲ ಮೇಲೆ ಕೂತಿದ್ದಾಳೆ. ಉಂಡಿಲ್ಲ. ಮೂವತ್ತು ವರ್ಷ ಅವಳ ಜೊತೆ ಜಗಳಾಡಿದ್ದೇನೆ, ಒಂದು ಸಲವೂ ಸೋತವಳಲ್ಲ. ಈಗ ಮೆಲ್ಲಗೆ, ಯಕ್ಕಾ, ಇನ್ನು ಮೇಲೆ ನಾನು ದಾರ ಮುಟ್ಟುವುದಿಲ್ಲ ಎಂದಳು. ಕೂಸುಗಳು ನಮ್ಮ ಮಡ್ಡಿಯಲ್ಲಿ ಇನ್ನೂ ಹುಟ್ಟುತ್ತವೆ, ನಿನ್ನ ಹಳದಿ ದಾರ ಬೇಕು, ಕತ್ತರಿ ಮಾತ್ರ ಮನೆಯಲ್ಲಿಟ್ಟು ಬಾ ಎಂದೆ. ಅತ್ತಳು. ನಾನು ಅಳಲಿಲ್ಲ, ಬರೆಯುತ್ತಿದ್ದೆ.

ನಿಮ್ಮ ಮೇಲೂ ಈಗ ಸಿಟ್ಟು ಬರುತ್ತಿದೆ, ಹೇಳಿಬಿಡುತ್ತೇನೆ. ಎರಡೂ ತಂತಿಗಳನ್ನು ಒಂದೇ ಮೊಳೆಗೆ ಸುತ್ತಿದವರು ಯಾರು? ಆ ದಿನ ನಿಮ್ಮಲ್ಲಿ ಒಬ್ಬರು ಇನ್ನೊಂದು ಮೊಳೆ ಹುಡುಕಲು ಏಳಲಾರದೆ, ಸದ್ಯಕ್ಕೆ ನಡೆಯಲಿ ಎಂದಿರಬೇಕು. ನಿಮ್ಮ ಸದ್ಯ ಇನ್ನೂ ನಡೆಯುತ್ತಿದೆ. ನಾವೂ ತಲೆತಲಾಂತರ ಅದನ್ನು ಗಾಡಿಯ ಸ್ವಭಾವ ಎಂದುಕೊಂಡು, ಮಾತಾಡುವಾಗ ಹಲಗೆ ನೋಡಬಾರದು ಎಂದು ಮಕ್ಕಳಿಗೆ ಕಲಿಸಿದೆವೇ ಹೊರತು, ಮೊಳೆ ಬಿಗಿಮಾಡಲಿಲ್ಲ. ಖಣ ಇಳಿಬಿಟ್ಟದ್ದೂ ಹಾಗೆಯೇ. ಮೊದಲು ಯಾರೋ ತಾಯಿ ಕೂಸಿನ ಕಣ್ಣಿಗೆ ಬೆಳಕು ಚುಚ್ಚದಿರಲೆಂದು ಸೆರಗು ಹಿಡಿದಿರಬೇಕು. ಈಗ ನೋಡಿದರೆ ಅಪಾಯವೇ ಕಾಣದಂತೆ ಮುಚ್ಚುವುದನ್ನು ನಾವು ಶುಭ ಅನ್ನುತ್ತೇವೆ.

ಪೆಟ್ಟಿಗೆ ಗೊರಗುಟ್ಟಿತು. ನಿಲ್ಲಿ.

ತುಂಗಿ. ಗುಡ್ಡ ಹತ್ತಿ ಉಸಿರು ಕಟ್ಟಿ ಮಾತಾಡಿದಳು. ಇಳಿದಿದ್ದಾರೆ. ಮೂರನೆಯ ಒಲೆಯ ತೂತು ಕಡಲೆಬೇಳೆಯಷ್ಟು ಅಂಟಿನಿಂದ ಕಟ್ಟಿತ್ತಂತೆ, ಒಲೆಯ ತಲೆ ನೀಲಿಗಟ್ಟಿದೆಯಂತೆ, ಬಿರುಕಿಲ್ಲವಂತೆ. ಉಪ್ಪಿನಮಡ್ಡಿಯವರೆಗೆ ಹೋಗಿದ್ದರೆ ಎಂದು ಮೌನೇಶ ಕೇಳಿದ. ಮುಟ್ಟುತ್ತಿರಲಿಲ್ಲ ಎಂದಳು. ಅಷ್ಟೇ ಹೇಳಿದಳು. ಬಾಣಂತಿಗೆ ಅಲ್ಲಿಯವರು ಬಿಸಿನೀರು ಹಾಕಿದ್ದಾರೆ, ಕೂಸು ಚೆನ್ನಾಗಿದೆ ಎಂದಳು. ನನಗೆ ಸಾಲಲಿಲ್ಲ. ಚೆನ್ನಾಗಿದೆ ಎಂದು ಹೇಳುವವರನ್ನು ಬಹಳ ನೋಡಿದ್ದೇನೆ. ಕೂಸಿನ ದನಿ ಒಂದು ಸಲ ಕೇಳಿಸು ಎಂದೆ.

"ಗುಡ್ಡದ ಮ್ಯಾಲ ನಾ ಒಬ್ಬಾಕೀನ ಅದೀನಿ, ಆಯಿ. ಕೂಸು ಕೆಳಗ ಮಲಗೇತಿ. ನನ್ನ ಮಾತು ನಂಬು."

ಕಿವಿಗಾವಲಿನವಳಿಗೆ ಇದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ. ನಂಬಿದೆ ಎಂದು ಹೇಳಿದೆ. ಹೇಳಿದ ಮೇಲೆ ನಿಜವಾಗಿ ನಂಬಲು ಸ್ವಲ್ಪ ಹೊತ್ತು ಬೇಕಾಯಿತು. ಬಸಲಿಂಗವ್ವ ಎದ್ದು ಒಳಗೆ ಬಂದು ನನ್ನ ಪಕ್ಕದಲ್ಲಿ ಕೂತಳು.

ಹಿರಿಯರೇ, ನಿಮ್ಮಲ್ಲಿ ನನ್ನ ಬೇಡಿಕೆ ಇಷ್ಟು. ಇಂದೇ ಎದ್ದು ಆ ತಂತಿಗೆ ಇನ್ನೊಂದು ಮೊಳೆ ಹುಡುಕಿ. ಹಲಗೆಯಲ್ಲಿ ಒಂದಿಷ್ಟು ಜಾಗ ಬಿಡಿ, ಕಡ್ಡಿ ಬದಲಿಸಿದವನು ತಾನು ಮಾಡಿದ್ದನ್ನು ಮಾತಿನಲ್ಲಿ ಬರೆದಿಡುವ ಹಾಗೆ, ಅದನ್ನು ಓದದೆ ಇಂಜಿನ್ನು ಎಚ್ಚರವಾಗದ ಹಾಗೆ. ಅಲ್ಲಿ ಯಾರ ಕತ್ತರಿಯೂ ಹೋಗಬಾರದು, ಪ್ರೀತಿಯದಂತೂ ಹೋಗಲೇಬಾರದು. ಮತ್ತು ನಿಮ್ಮ ಕೆಲಸಗಾರರಿಗೆ, ಗುರುತು ಕಟ್ಟಿದ ಮೇಲೂ ಬಾಯಿಬಿಟ್ಟು ಒಂದು ಮಾತು ಹೇಳಿ ಹೋಗಲು ಕಲಿಸಿ. ಮೌನೇಶನಿಗೆ ನಾನು ಇಲ್ಲಿ ಕಲಿಸುತ್ತೇನೆ, ಅದು ನನ್ನ ಪಾಲಿಗಿರಲಿ.

ತುಂಗಿ ನಾಳೆ ಮುಂಜಾನೆ ತೂತು ತೊಳೆದು, ಕಡ್ಡಿಗಳನ್ನು ಅವುಗಳ ಒಲೆಗೆ ಸೇರಿಸಿ, ಬಾಣಂತಿಯನ್ನು ಕೂರಿಸುವ ಮೊದಲು ಒಬ್ಬಳೇ ಕರಿಕಲ್ಲಮಡ್ಡಿಯ ಮೇಲೆ ಒಂದು ಸುತ್ತು ಹಾರಿ ನೋಡುತ್ತಾಳಂತೆ. ಗುಡ್ಡದ ಮರೆಯ ಆ ಸುತ್ತಿನ ಸದ್ದು ನನ್ನ ಕಿವಿಗೆ ಬರುವುದಿಲ್ಲ. ನೀವು ಎಷ್ಟೋ ದೂರದಲ್ಲಿದ್ದೀರಿ, ದೂರದವರಿಗೆ ಕೆಲವು ಸದ್ದು ಕೇಳುತ್ತವೆಂದು ಹೇಳುತ್ತಾರೆ. ನಿಮಗೆ ಬಿಡುವಾದರೆ ನಾಳೆ ಮುಂಜಾನೆ ಸ್ವಲ್ಪ ಹೊತ್ತು ಕೈಯಲ್ಲಿದ್ದ ಕೆಲಸ ಬಿಟ್ಟು ಆ ಕಡೆ ಕಿವಿಗೊಡಿ. ನಾಲ್ಕೂ ಒಲೆ ಒಂದೇ ಹದದಲ್ಲಿ ಉರಿಯುವ ಸದ್ದು ಸಿಕ್ಕರೆ ನನಗೆ ಹೇಗೆ ತಿಳಿಸುತ್ತೀರೋ ನಿಮಗೆ ಬಿಟ್ಟದ್ದು. ನಾನು ಬಾಗಿಲಲ್ಲೇ ನಿಂತಿರುತ್ತೇನೆ.